ಕಾದಂಬರಿಗೆ ಕೀಲಿ ಹಾಕುವವರು ಯಾರು, ಯಾಕೆ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಾಗ ಕನ್ನಡ ಪಾಠ ಮಾಡ್ತೀನಿ. ನಮ್ಮ ಗ್ರಂಥಾಲಯದಾಗ ಒಂದು ಕಾದಂಬರಿ ಅದ. ಹೆರಿಗೆ ಆದಮ್ಯಾಲೆ ಮನಸ್ಸಿನ ಕಾಯಿಲೆಗೆ ಬಿದ್ದ ಹೆಣ್ಣುಮಗಳು ತನ್ನ ಕತಿ ತಾನೇ ಹೇಳ್ತಾಳ. ಆಕಿಗೆ ಇನ್ನೊಬ್ಬ ಹೆಣ್ಣಿನ ಮ್ಯಾಲಿರೋ ಆಸೆನೂ ಅದರಾಗ ಬರ್ತದ. ಪಾಲಕರೊಬ್ಬರು ಎರಡು ಪುಟದ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ರು. ಮರುದಿನ ಪ್ರಿನ್ಸಿಪಾಲರು ಪುಸ್ತಕ ತಮ್ಮ ಅಲಮಾರಿಯೊಳಗಿಟ್ಟು ‘ಇದು ಬ್ಯಾನ್ ಆಗ್ಯದ’ ಅಂದ್ರು. ಇಂಥ ಕಾದಂಬರಿಗಳೇ ಯಾಕ ಬ್ಯಾನ್ ಆಗ್ತಾವ? ನಾನೀಗ ಏನು ಮಾಡಬೇಕು?

ಉತ್ತರ:

ಮೇಡಂ, ಮೊದಲನೆಯದಾಗಿ, ನಿಮ್ಮ ಪುಸ್ತಕ ಬ್ಯಾನ್ ಆಗಿಲ್ಲ. ಪ್ರಿನ್ಸಿಪಾಲರಿಗೆ ಆ ಅಧಿಕಾರ ಇಲ್ಲ. ಜಿಲ್ಲಾಧಿಕಾರಿಗೂ ಇಲ್ಲ, ಠಾಣೆಯ ಇನ್‌ಸ್ಪೆಕ್ಟರಿಗೂ ಇಲ್ಲ. ನಮ್ಮ ದೇಶದಲ್ಲಿ ಪ್ರಕಟವಾದ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ ಈ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿಗೆ ಬಂದಿದೆ. ಯಾವ ಕಾರಣಕ್ಕೆ ಎಂದು ಅಧಿಸೂಚನೆಯಲ್ಲೇ ಬರೆದಿರಬೇಕು. ಕಾರಣ ಬರೆಯದ ಮುಟ್ಟುಗೋಲು ಆದೇಶವನ್ನು ಸುಪ್ರೀಂ ಕೋರ್ಟು 1961ರಲ್ಲೇ, ಹರನಾಮ್ ದಾಸ್ ಪ್ರಕರಣದಲ್ಲಿ, ರದ್ದು ಮಾಡಿದೆ. ಅಂಥ ಅಧಿಸೂಚನೆ ಬಂದರೂ ರಾಜಪತ್ರದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಅದನ್ನು ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತದೆ.

ಹಾಗಾದರೆ ನಿಮ್ಮಲ್ಲಿ ಆಗಿದ್ದೇನು? ಒಬ್ಬರು ಹೆದರಿ ಪುಸ್ತಕ ಎತ್ತಿಟ್ಟರು, ಅಷ್ಟೆ. ಜನ ‘ಬ್ಯಾನ್’ ಎಂದು ಕರೆಯುವುದರಲ್ಲಿ ಬಹುಪಾಲು ಇಂಥದೇ. ಪಠ್ಯದಿಂದ ಸದ್ದಿಲ್ಲದೆ ತೆಗೆಯುವುದು, ಮಾರಾಟಗಾರ ತಾನೇ ಕಟ್ಟು ಕಟ್ಟಿ ವಾಪಸ್ ಕಳಿಸುವುದು, ಲೇಖಕರನ್ನು ಕರೆಸಿ ಕ್ಷಮಾಪಣೆ ಬರೆಸಿಕೊಳ್ಳುವುದು, ಗ್ರಂಥಪಾಲಕರು ‘ಅದು ಬೈಂಡಿಂಗಿಗೆ ಹೋಗ್ಯದ’ ಅನ್ನುವುದು. ಆದೇಶವೇ ಇಲ್ಲದ ಕಾರಣ ಇದನ್ನು ಪ್ರಶ್ನಿಸುವ ಜಾಗವೂ ಇರುವುದಿಲ್ಲ. ಸರ್ಕಾರಿ ಅಧಿಸೂಚನೆಗಿಂತ ಇದು ಹೆಚ್ಚು ಕೆಲಸ ಮಾಡುವುದು ಅದಕ್ಕೇ.

ಇನ್ನು ಇಂಥ ಕಾದಂಬರಿಗಳೇ ಯಾಕೆ ಎಂಬ ಪ್ರಶ್ನೆ.

ಮನೋರೋಗವನ್ನು ಚಿತ್ರಿಸಿದ್ದಕ್ಕೆ ಪುಸ್ತಕ ತಡೆಯಬಹುದು ಎಂದು ಹೇಳುವ ಕಲಮು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಮುಟ್ಟುಗೋಲಿಗೆ ಕಾನೂನು ಒಪ್ಪುವ ಕಾರಣಗಳು ಅಶ್ಲೀಲತೆ, ಧಾರ್ಮಿಕ ಭಾವನೆಗೆ ಧಕ್ಕೆ, ಗುಂಪುಗಳ ನಡುವೆ ದ್ವೇಷ, ದೇಶದ ಅಖಂಡತೆ. ಆದ್ದರಿಂದ ಓದುಗನಿಗೆ ನಿಜವಾಗಿ ಚುಚ್ಚಿದ್ದು ಒಂದಾದರೆ, ದೂರಿನಲ್ಲಿ ಬರೆಯುವುದು ಇನ್ನೊಂದು. ‘ನಮ್ಮಂಥ ಮನೆಯೊಳಗೇ ಒಬ್ಬ ಹೆಣ್ಣುಮಗಳು ಹೀಗೆ ಮುರಿದುಬೀಳುತ್ತಾಳೆ ಎಂದು ಬರೆದಿದ್ದಾರೆ’ ಎಂದು ಯಾರೂ ಅರ್ಜಿ ಕೊಡುವುದಿಲ್ಲ. ‘ಪುಟ ಇಂತಿಷ್ಟರಲ್ಲಿ ಅಶ್ಲೀಲ ಇದೆ’ ಎಂದು ಕೊಡುತ್ತಾರೆ. ಅಮೆರಿಕದಲ್ಲೂ ಹೀಗೇ ಆಗಿದೆ. ಮನೋರೋಗ ಆಸ್ಪತ್ರೆಯ ಒಳಗಿನ ಬದುಕನ್ನು ಹೇಳುವ ಕೆನ್ ಕೀಸಿಯ ಕಾದಂಬರಿಯ ಮೇಲೆ 1974ರಲ್ಲಿ ಒಹಾಯೊ ರಾಜ್ಯದ ಸ್ಟ್ರಾಂಗ್ಸ್‌ವಿಲ್‌ನ ಐವರು ದಾವೆ ಹೂಡಿದಾಗ ಹೊರಿಸಿದ ಆರೋಪ ಅಶ್ಲೀಲತೆಯದು. 

ದೂರಿನ ಮಾತು ಮತ್ತು ನೋವಿನ ಮಾತು ಬೇರೆ ಬೇರೆ ಎಂಬುದನ್ನು ಹಿಡಿದುಕೊಂಡರೆ ಮುಂದಿನದು ತಿಳಿಯಾಗುತ್ತದೆ. ಕಾಮ ಇರುವ ಪುಸ್ತಕಗಳಿಗೆಲ್ಲ ಕೀಲಿ ಬೀಳುವುದಿಲ್ಲ. ಜನ್ನನ ‘ಯಶೋಧರ ಚರಿತೆ’ 1209ರದು. ರಾಣಿ ಅಮೃತಮತಿ ಗಂಡನ ಮಗ್ಗುಲಿಂದ ಎದ್ದು ಕುರೂಪಿ ಮಾವುತನ ಬಳಿಗೆ ಹೋಗುತ್ತಾಳೆ, ಅವನು ಹೊಡೆದರೂ ಅವನನ್ನೇ ಬಯಸುತ್ತಾಳೆ. ಮನಸ್ಸಿನ ಕತ್ತಲನ್ನು ಇಷ್ಟು ನೇರವಾಗಿ ತೋರಿಸಿದ ಕಾವ್ಯ ಕನ್ನಡದಲ್ಲಿ ಕಡಿಮೆ. ಎಂ.ಎ. ತರಗತಿಗಳಲ್ಲಿ ಅದನ್ನು ಯಾವ ತಕರಾರೂ ಇಲ್ಲದೆ ಓದುತ್ತಾರೆ. ಹಳಗನ್ನಡದ ಪದ್ಯದ ಫೋಟೋ ವಾಟ್ಸಾಪಿನಲ್ಲಿ ಓಡುವುದಿಲ್ಲ ಎಂಬುದು ಒಂದು ಕಾರಣ. ಕೊನೆಗೆ ಅಮೃತಮತಿ ನರಕಕ್ಕೆ ಹೋಗುತ್ತಾಳೆ ಎಂಬುದು ಇನ್ನೊಂದು, ಅದಕ್ಕಿಂತ ದೊಡ್ಡದು. ಕಾವ್ಯವೇ ತೀರ್ಪು ಕೊಟ್ಟುಬಿಟ್ಟಿದೆ, ಓದುಗ ನಿಶ್ಚಿಂತ.

ತೀರ್ಪು ಕೊಡಲು ಒಪ್ಪದ ಕಾದಂಬರಿಗೆ ಕೀಲಿ ಬೀಳುತ್ತದೆ. 1928ರಲ್ಲಿ ಲಂಡನ್ನಿನ ಮ್ಯಾಜಿಸ್ಟ್ರೇಟ್ ಚಾರ್ಟ್ರೆಸ್ ಬಿರನ್ ಅವರು ರ್‍ಯಾಡ್‌ಕ್ಲಿಫ್ ಹಾಲ್ ಬರೆದ ‘ದಿ ವೆಲ್ ಆಫ್ ಲೋನ್ಲಿನೆಸ್’ ಅಶ್ಲೀಲ ಎಂದು ಆದೇಶ ಮಾಡಿದರು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಆ ಕತೆಯಲ್ಲಿ ಬಿಚ್ಚುಮಾತಿನ ಒಂದು ದೃಶ್ಯವೂ ಇಲ್ಲ. ಆ ಪ್ರೀತಿಯನ್ನು ಲೇಖಕಿ ಖಂಡಿಸಲಿಲ್ಲ ಎಂಬುದೇ ತಪ್ಪಾಯಿತು. ಪುಸ್ತಕದ ಪರ ಸಾಕ್ಷಿ ಹೇಳಲು ಬಂದಿದ್ದ ಸಾಹಿತಿಗಳ ಮಾತನ್ನು ಮ್ಯಾಜಿಸ್ಟ್ರೇಟರು ಕೇಳಲೇ ಇಲ್ಲ. ಲಾಹೋರಿನಲ್ಲಿ ‘ಲಿಹಾಫ್’ ಕತೆಗಾಗಿ ಇಸ್ಮತ್ ಚುಗ್ತಾಯಿ ಅವರನ್ನು ಕಟಕಟೆಗೆ ಎಳೆದದ್ದೂ ಇದೇ ಜಾಡಿನದು. ಕಲಬುರಗಿ, ಬೀದರಿನ ಉರ್ದು ಓದುಗರಿಗೆ ಆ ಕತೆ ಹೊಸದಲ್ಲ. ಅದರಲ್ಲಿ ಇಂಥದೇ ಶಬ್ದ ಅಶ್ಲೀಲ ಎಂದು ಬೆರಳಿಟ್ಟು ತೋರಿಸಲು ಆಗದೆ ಆ ಪ್ರಕರಣ ಬಿದ್ದುಹೋಯಿತು.

ಈಗ ನಿಮ್ಮ ಪುಸ್ತಕಕ್ಕೆ ಬನ್ನಿ. ಅದರಲ್ಲಿ ಕಾಯಿಲೆ ಮತ್ತು ಆಸೆ ಎರಡೂ ಇವೆ. ಆ ಹೆಣ್ಣುಮಗಳ ಆಸೆ ಕಾಯಿಲೆಯ ಲಕ್ಷಣ ಎಂದು ಬರೆದು, ಚಿಕಿತ್ಸೆಯ ನಂತರ ಆಸೆಯೂ ಮಾಯವಾಗಿ ಆಕೆ ಗಂಡನ ಮನೆಗೆ ಮರಳಿದಳು ಎಂದು ಮುಗಿಸಿದ್ದರೆ ಒಬ್ಬರೂ ಫೋಟೋ ತೆಗೆಯುತ್ತಿರಲಿಲ್ಲ. ಕಾಯಿಲೆ ವಾಸಿಯಾಯಿತು, ಆಸೆ ಉಳಿಯಿತು ಎನ್ನುವ ಕಾದಂಬರಿಯನ್ನು ಸಹಿಸುವುದು ಕಷ್ಟ. ವೈದ್ಯಶಾಸ್ತ್ರ ಈ ಎರಡನ್ನೂ ಬೇರೆ ಮಾಡಿ ಬಹಳ ಕಾಲವಾಗಿದೆ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ 1973ರಲ್ಲಿ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಇನ್ನೂ ಸ್ಪಷ್ಟ: ಸಮುದಾಯದ ನೈತಿಕ, ಸಾಮಾಜಿಕ, ಧಾರ್ಮಿಕ ಕಟ್ಟಳೆಗಳಿಗೆ ಹೊಂದದೆ ಬದುಕುತ್ತಾರೆ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎಂದು ನಿರ್ಧರಿಸುವಂತಿಲ್ಲ. ಅಂದರೆ ನಿಮ್ಮ ಕಾದಂಬರಿ ಹೇಳುತ್ತಿರುವುದನ್ನೇ ಈ ನೆಲದ ಕಾನೂನೂ ಹೇಳುತ್ತಿದೆ. ಈ ಮಾತನ್ನು ಪ್ರಿನ್ಸಿಪಾಲರ ಮುಂದೆ ಹೇಳಲು ಹಿಂಜರಿಯಬೇಡಿ.

ನಮ್ಮ ಭಾಗದಲ್ಲಿ ಇನ್ನೊಂದು ಪದರವೂ ಇದೆ. ಬಾಣಂತಿ ನಿದ್ದೆ ಬಿಟ್ಟು ಏನೇನೋ ಮಾತಾಡತೊಡಗಿದರೆ ‘ಗಾಳಿ ಸೋಕ್ಯದ’ ಎಂದು ಗಾಣಗಾಪುರಕ್ಕೋ ದರ್ಗಾಕ್ಕೋ ಕರೆದೊಯ್ಯುವುದುಂಟು. ಆ ನಂಬಿಕೆಯಲ್ಲಿ ಒಂದು ಆಸರೆ ಇದೆ, ಅದನ್ನು ಹಗುರವಾಗಿ ಕಾಣಬಾರದು: ದೋಷ ಗಾಳಿಯದು, ಮನೆಯವರದಲ್ಲ, ಹುಡುಗಿಯದೂ ಅಲ್ಲ. ಕಾದಂಬರಿ ಈ ಆಸರೆಯನ್ನು ಕಿತ್ತುಕೊಳ್ಳುತ್ತದೆ. ಆಕೆಗೆ ಯಾರು ಏನು ಮಾಡಿದರು, ಯಾರು ಮಾತಾಡಲಿಲ್ಲ, ಮದುವೆಗೆ ಮುಂಚೆ ಏನನ್ನು ಮುಚ್ಚಿಟ್ಟರು ಎಂದು ಕೇಳುತ್ತದೆ. ಮದುವೆಯಾಗಬೇಕಾದ ತಂಗಿಯರು ಮನೆಯಲ್ಲಿದ್ದರೆ ಒಂದು ಕಾಯಿಲೆಯ ಸುದ್ದಿ ಎಷ್ಟು ಸಂಬಂಧಗಳನ್ನು ತಪ್ಪಿಸುತ್ತದೆ ಎಂಬುದು ನಿಮಗೂ ಗೊತ್ತು. ಹಿಂದೂ ವಿವಾಹ ಕಾಯ್ದೆಯಲ್ಲೂ ಮನೋರೋಗ ವಿಚ್ಛೇದನಕ್ಕೆ ಒಂದು ಆಧಾರವಾಗಿ ಇದೆ. ಪಾಲಕರ ಸಿಟ್ಟಿನ ಬುಡದಲ್ಲಿ ಈ ಹೆದರಿಕೆ ಇರಬಹುದು. ಅವರೊಡನೆ ಮಾತಾಡುವಾಗ ಇದನ್ನು ನೆನಪಿನಲ್ಲಿಡಿ.

ಫೋಟೋದ ಪುಟಗಳ ಬಗ್ಗೆ ಕೊಂಚ ವಿವರವಾಗಿಯೇ ಹೇಳಬೇಕು, ಏಕೆಂದರೆ ಜಗಳ ನಡೆಯುವುದು ಅಲ್ಲಿ. ಹೆರಿಗೆಯ ನಂತರದ ತೀವ್ರ ಮನೋವಿಕಾರ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೇ ಶುರುವಾಗುತ್ತದೆ. ನಿದ್ದೆ ಹೋಗುತ್ತದೆ, ದಿಕ್ಕು ತಪ್ಪುತ್ತದೆ, ಮಗುವಿನ ಬಗ್ಗೆ, ದೇವರ ಬಗ್ಗೆ, ತನ್ನ ದೇಹದ ಬಗ್ಗೆ ಇಲ್ಲದ್ದು ಇದೆ ಎನಿಸುತ್ತದೆ. ಅದು ತುರ್ತು ಸ್ಥಿತಿ, ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಈ ಸ್ಥಿತಿಯನ್ನು ಒಳಗಿನಿಂದ ಬರೆಯುವ ಲೇಖಕರು ಏನು ಮಾಡಬೇಕು? ವಾಕ್ಯ ಮುರಿಯುತ್ತದೆ, ಬೈಗುಳ ಬರುತ್ತದೆ, ಹಾಲು, ರಕ್ತ, ಸ್ಪರ್ಶ, ದೇವರ ಹೆಸರು ಒಂದೇ ಉಸಿರಿನಲ್ಲಿ ಕಲಸಿಹೋಗುತ್ತವೆ. ನಯವಾಗಿ ಬರೆದರೆ ಸುಳ್ಳಾಗುತ್ತದೆ. ಆ ಪುಟವನ್ನು ಮಾತ್ರ ಕಿತ್ತು ತೋರಿಸಿದಾಗ ಕಾಯಿಲೆಯ ದನಿ ಲೇಖಕರ ಅಭಿಪ್ರಾಯವಾಗಿ ಕೇಳುತ್ತದೆ. ದೇವರ ಹೆಸರು ದೇಹದ ಮಾತಿನ ಪಕ್ಕದಲ್ಲಿದ್ದರಂತೂ ಅಶ್ಲೀಲತೆಯ ದೂರು ಒಂದೇ ದಿನದಲ್ಲಿ ಧಾರ್ಮಿಕ ಭಾವನೆಯ ದೂರಾಗಿ ಬದಲಾಗುತ್ತದೆ. ಆ ದಾರಿ ಹೆಚ್ಚು ಅಪಾಯದ್ದು. ಕರ್ನಾಟಕದಲ್ಲಿ ಕೊನೆಯವರೆಗೂ ಉಳಿದ ಮುಟ್ಟುಗೋಲು, ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯದು, ಧರ್ಮದ ವಿಷಯದ್ದೇ. ಸುಪ್ರೀಂ ಕೋರ್ಟು ಅದನ್ನು 2007ರಲ್ಲಿ ಎತ್ತಿಹಿಡಿಯಿತು.

ಅಶ್ಲೀಲತೆಯ ಅಳತೆಗೋಲು ಎಲ್ಲಿಂದ ಬಂತು ಎಂಬುದನ್ನೂ ತಿಳಿದಿರಿ. 1868ರ ಇಂಗ್ಲಿಷ್ ತೀರ್ಪೊಂದು, ಹಿಕ್ಲಿನ್ ಪ್ರಕರಣ, ಕೆಟ್ಟ ಪ್ರಭಾವಕ್ಕೆ ತೆರೆದುಕೊಂಡ ಮನಸ್ಸಿನವರ ಕೈಗೆ ಪುಸ್ತಕ ಸಿಕ್ಕರೆ ಅವರು ಕೆಡುತ್ತಾರೆಯೇ ಎಂದು ನೋಡಿ ಎಂದಿತು. ಅತಿ ದುರ್ಬಲ ಮನಸ್ಸೇ ಅಳತೆಗೋಲಾಯಿತು. ಮನಸ್ಸು ನೊಂದವರ ಕತೆಯನ್ನು ಮನಸ್ಸು ನೊಂದವರ ಹೆಸರಿನಲ್ಲೇ ತಡೆಯಲು ಇದು ದಾರಿ ಮಾಡಿಕೊಟ್ಟಿತು. 1964ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇದೇ ಅಳತೆಯಿಂದ, ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಮಾರಿದ ಮುಂಬೈಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿ ಅವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನ ಜೂರಿ ಅದೇ ಕಾದಂಬರಿಯನ್ನು 1960ರಲ್ಲೇ ಬಿಡುಗಡೆ ಮಾಡಿತ್ತು. ದಂಡ ಸಂಹಿತೆಯ 1969ರ ತಿದ್ದುಪಡಿ ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಯ ಹಿತಕ್ಕಾಗಿ ಇರುವ ಪುಸ್ತಕಕ್ಕೆ ವಿನಾಯಿತಿ ಕೊಟ್ಟಿತು. 1985ರಲ್ಲಿ ಸಮರೇಶ್ ಬಸು ಅವರ ಬಂಗಾಳಿ ಕಾದಂಬರಿ ‘ಪ್ರಜಾಪತಿ’ಯ ಪ್ರಕರಣದಲ್ಲಿ ಕೋರ್ಟು, ಒರಟು ಮಾತು ಬೇರೆ, ಅಶ್ಲೀಲತೆ ಬೇರೆ ಎಂದಿತು. ನ್ಯಾಯಾಧೀಶರು ಮೊದಲು ಲೇಖಕರ ಜಾಗದಲ್ಲಿ, ಆಮೇಲೆ ಓದುಗರ ಜಾಗದಲ್ಲಿ ನಿಂತು ನೋಡಬೇಕು ಎಂದಿತು. 1967ರಲ್ಲಿ ಅಚ್ಚಾದ ಕಾದಂಬರಿಗೆ ಈ ಮಾತು ಸಿಗಲು 18 ವರ್ಷ ಹಿಡಿಯಿತು. 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ, ಹಿಕ್ಲಿನ್ ಅಳತೆಯನ್ನೇ ಕೈಬಿಟ್ಟು ಇಂದಿನ ಸಮಾಜದ ಸಾಮಾನ್ಯ ಓದುಗನ ಕಣ್ಣಿನಿಂದ ಇಡೀ ಕೃತಿಯನ್ನು ನೋಡಬೇಕೆಂದು ಹೇಳಿತು. ಈಗಿನ ಕಲಮು ಭಾರತೀಯ ನ್ಯಾಯ ಸಂಹಿತೆಯ 294. ವಿನಾಯಿತಿ ಅದರಲ್ಲೂ ಇದೆ. ಕೋರ್ಟುಗಳು ಮುಂದೆ ಬಂದಿವೆ, ವಾಟ್ಸಾಪ್ ಗುಂಪು ಇನ್ನೂ 1868ರಲ್ಲೇ ನಿಂತಿದೆ.

ಇಲ್ಲಿ ಒಂದು ಆಕ್ಷೇಪವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು: ಆತ್ಮಹತ್ಯೆಯದು. ಗಯಟೆಯ ‘ವೆರ್ಥರ್’ 1774ರಲ್ಲಿ ಬಂದಾಗ ಓದಿದ ಯುವಕರು ನಾಯಕನನ್ನು ಅನುಕರಿಸುತ್ತಾರೆ ಎಂಬ ಭಯದಿಂದ ಲೈಪ್‌ಜಿಗ್ ನಗರ ಮರುವರ್ಷವೇ ಅದನ್ನು ನಿಷೇಧಿಸಿತು. ಆ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಸಾವಿನ ವಿಧಾನವನ್ನು ವಿವರವಾಗಿ, ಬಿಡುಗಡೆಯ ದಾರಿ ಎಂಬಂತೆ ಬರೆದರೆ ಈಗಾಗಲೇ ಸಂಕಟದಲ್ಲಿರುವವರಿಗೆ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಪತ್ರಕರ್ತರಿಗೆ ಎಚ್ಚರಿಸುತ್ತದೆ. ನಿಮ್ಮ ಕಾದಂಬರಿಯಲ್ಲಿ ಅಂಥ ಭಾಗ ಇದೆಯೇ ನೋಡಿ. ಇದ್ದರೆ ಪಾಠದ ಮೊದಲೇ ಹೇಳಿ, ಕಷ್ಟ ಎನಿಸಿದವರಿಗೆ ಬೇರೆ ಪಠ್ಯ ಕೊಡಿ. ಪುಸ್ತಕದ ಒಳರಟ್ಟಿನಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416 ಎಂದು ಚೀಟಿ ಅಂಟಿಸಿ. ಈ ಎಚ್ಚರಿಕೆಗೆ ಪುಸ್ತಕ ಬಚ್ಚಿಡಬೇಕಾಗಿಲ್ಲ. ಕನ್ನಡದಲ್ಲಿ ಬಾಣಂತಿ ಮನೋರೋಗದ ಬಗ್ಗೆ ಎಷ್ಟೋ ಜನ ಮೊದಲು ತಿಳಿದದ್ದು ತ್ರಿವೇಣಿಯವರ ‘ಶರಪಂಜರ’ದಿಂದ, ಆಮೇಲೆ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾದಿಂದ. ವಾಸಿಯಾಗಿ ಮನೆಗೆ ಬಂದವಳನ್ನು ಮನೆಯೇ ಹೇಗೆ ಒಪ್ಪಲಿಲ್ಲ ಎಂಬುದನ್ನು ಅದು ತೋರಿಸಿತು. ಇನ್ನೊಂದು ಕಡೆ, ಮನೋರೋಗಿಯನ್ನು ಕೊಲೆಗಾರನಾಗಿ, ಸಲಿಂಗಿಯನ್ನು ಹಾಸ್ಯದ ವಸ್ತುವಾಗಿ ಮಾಡುವ ಅಗ್ಗದ ಕತೆಗಳ ಮೇಲೆ ಒಂದು ದೂರೂ ಬರುವುದಿಲ್ಲ. ನಿಜವಾದ ಹಾನಿ ಅವುಗಳಿಂದ. ಅವಕ್ಕೂ ನಿಷೇಧ ಬೇಡ, ಕಟುವಾದ ವಿಮರ್ಶೆ ಬೇಕು.

ಈಗ ಕೆಲಸದ ಮಾತು.

ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಿಂದ ಪುಸ್ತಕದ ಸಂಖ್ಯೆ ಬರೆದುಕೊಳ್ಳಿ. ಅದನ್ನು ‘ರದ್ದು’ ಎಂದು ತೋರಿಸಿದ್ದಾರೆಯೇ, ಸುಮ್ಮನೆ ಎತ್ತಿಟ್ಟಿದ್ದಾರೆಯೇ ನೋಡಿ. ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಕೊಡಿ: ದೂರು ಲಿಖಿತವಾಗಿ ಬಂದಿದೆಯೇ, ಪುಸ್ತಕ ತೆಗೆಯಲು ಯಾವ ಆದೇಶ, ಯಾವ ತಾರೀಖು. ಪತ್ರದ ಪ್ರತಿಗೆ ಕಚೇರಿಯಲ್ಲಿ ಸೀಲು, ಸಹಿ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ಯಾಕೆ ತೆಗೆದಿರಿ’ ಎಂದು ಕೇಳಬೇಡಿ, ‘ತೆಗೆದ ಆದೇಶದ ಪ್ರತಿ ಕೊಡಿ’ ಎಂದು ಕೇಳಿ. ಮೊದಲನೆಯದಕ್ಕೆ ‘ಇದು ಮಾಹಿತಿಯಲ್ಲ’ ಎಂಬ ಉತ್ತರ ಬರುತ್ತದೆ. ಎರಡನೆಯದಕ್ಕೆ ಆದೇಶ ಕೊಡಬೇಕು, ಇಲ್ಲವೇ ಆದೇಶ ಇಲ್ಲ ಎಂದು ಬರೆದುಕೊಡಬೇಕು.

ಜೊತೆಗೇ ಗ್ರಂಥಾಲಯ ಸಮಿತಿಯ ಸಭೆ ಕೇಳಿ. ಸಮಿತಿಯಲ್ಲಿ ಗ್ರಂಥಪಾಲಕರು, ಇಬ್ಬರು ಭಾಷಾ ಅಧ್ಯಾಪಕರು, ಒಬ್ಬ ವಿದ್ಯಾರ್ಥಿನಿ, ಒಬ್ಬ ಪಾಲಕರು ಇರಲಿ. ಹೊರಗಿನಿಂದ ಒಬ್ಬ ಮನೋವೈದ್ಯರನ್ನು ಕರೆಯಿರಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಎಲ್ಲರೂ ಪುಸ್ತಕ ಪೂರ್ತಿ ಓದಿ ಬರಬೇಕು, ಅದಕ್ಕೆ ನಾಲ್ಕು ವಾರ ಕೊಡಿ. ಅಲ್ಲಿಯವರೆಗೆ ಪುಸ್ತಕ ಮೊದಲಿನ ಜಾಗದಲ್ಲೇ ಇರಲಿ ಎಂದು ಪಟ್ಟುಹಿಡಿಯಿರಿ. ‘ಸದ್ಯಕ್ಕೆ’ ಎತ್ತಿಟ್ಟ ಪುಸ್ತಕ ವಾಪಸ್ ಬರುವುದು ಅಪರೂಪ.

ಸಭೆಗೆ ಎರಡು ಪುಟದ ಟಿಪ್ಪಣಿ ತಯಾರಿಸಿ. ಫೋಟೋದ ಪುಟಗಳಲ್ಲಿ ಮಾತಾಡುವವರು ಯಾರು, ಕಾಯಿಲೆಯ ಯಾವ ಹಂತ, ಹಿಂದಿನ ಹತ್ತು ಪುಟದಲ್ಲಿ ಏನಾಗಿದೆ, ಆ ಮಾತನ್ನು ಆಕೆ ಚೇತರಿಸಿಕೊಂಡ ಮೇಲೆ ಹೇಗೆ ನೆನೆಯುತ್ತಾಳೆ ಎಂದು ಬರೆಯಿರಿ. ವಿಮರ್ಶೆ, ಬಹುಮಾನ ಇದ್ದರೆ ಸೇರಿಸಿ. ‘ಇದರಲ್ಲಿ ಅಂಥದ್ದೇನೂ ಇಲ್ಲ’ ಎಂದು ಮಾತ್ರ ವಾದಿಸಬೇಡಿ. ಅಂಥದ್ದು ಇದೆ, ಅದು ಇರಬೇಕಾದ ಕಾರಣವೂ ಇದೆ. ಇಲ್ಲ ಎಂದವರು ಎದುರಿನವರು ಪುಟ ತೆರೆದು ಓದಿದ ಕ್ಷಣ ಸೋಲುತ್ತಾರೆ. ಆ ಎರಡು ಪುಟಗಳ ಜೆರಾಕ್ಸ್ ಹಂಚಲೂ ಬೇಡಿ. ಹಂಚುವುದಾದರೆ ಇಡೀ ಅಧ್ಯಾಯ ಹಂಚಿ.

ವಯಸ್ಸಿನ ವಿಷಯದಲ್ಲಿ ಎಚ್ಚರ ಬೇಕು. ಪದವಿ ವಿದ್ಯಾರ್ಥಿಗಳು ಸಾಮಾನ್ಯವಾಗಿ 18 ದಾಟಿದವರು. ನಿಮ್ಮ ಗ್ರಂಥಾಲಯವನ್ನು ಪಿಯು ಮಕ್ಕಳೂ ಬಳಸುತ್ತಿದ್ದರೆ ಮಕ್ಕಳಿಗೆ ಅಶ್ಲೀಲ ವಸ್ತು ಕೊಟ್ಟರೆಂಬ, ಅದೇ ನ್ಯಾಯ ಸಂಹಿತೆಯ 295ನೇ ಕಲಮನ್ನು ಯಾರಾದರೂ ಎಳೆದುತರಬಹುದು. ಈ ಪುಸ್ತಕವನ್ನು ಪದವಿ ವಿದ್ಯಾರ್ಥಿಗಳಿಗೆ ಕೊಡುವುದೆಂದು ಸಮಿತಿಯೇ ಬರೆದಿಟ್ಟರೆ ಆ ಬಾಗಿಲು ಮುಚ್ಚುತ್ತದೆ.

ಪಾಲಕರನ್ನು ಬೇರೆಯಾಗಿ ಕೂಡಿಸಿಕೊಂಡು ಮಾತಾಡಿ, ಪುಸ್ತಕ ಓದಲು ಕೊಡಿ, ಅವರ ಆಕ್ಷೇಪವನ್ನು ಬರಹದಲ್ಲಿ ತೆಗೆದುಕೊಳ್ಳಿ: ಯಾವ ಪುಟ, ಪೂರ್ತಿ ಓದಿದ್ದೀರಾ, ಏನಾಗಬೇಕು ಅಂತೀರಿ. ಬರೆಯಲು ಕೂತಾಗ ಎಷ್ಟೋ ಜನರ ಬೇಡಿಕೆ ‘ಗ್ರಂಥಾಲಯದಿಂದ ತೆಗೆಯಿರಿ’ ಎಂಬಲ್ಲಿಂದ ‘ನನ್ನ ಮಗಳಿಗೆ ಬೇಡ’ ಎಂಬಲ್ಲಿಗೆ ಇಳಿಯುತ್ತದೆ. ಅದನ್ನು ಒಪ್ಪಿಕೊಳ್ಳಬಹುದು.

ಯಾರಾದರೂ ‘ಶಾಂತಿ ಸಭೆ’ ಎಂದು ಕರೆದು ಮುಚ್ಚಳಿಕೆಗೆ ಸಹಿ ಕೇಳಿದರೆ ಮಾಡಬೇಡಿ, ವಕೀಲರನ್ನು ಕಂಡು ಬರುತ್ತೇನೆ ಎಂದು ಎದ್ದುಬನ್ನಿ. ತಮಿಳುನಾಡಿನ ತಿರುಚೆಂಗೋಡಿನ ಮಕ್ಕಳಿಲ್ಲದ ದಂಪತಿಯ ಕತೆ ಬರೆದ ಪೆರುಮಾಳ್ ಮುರುಗನ್ ಅವರನ್ನು 2015ರ ಜನವರಿಯಲ್ಲಿ ಇಂಥ ಸಭೆಗೇ ಕರೆದಿದ್ದರು. ಅದರ ಬೆನ್ನಿಗೇ ಅವರು ಲೇಖಕ ಮುರುಗನ್ ಸತ್ತ ಎಂದು ಘೋಷಿಸಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆ ಸಭೆಯ ಒಪ್ಪಂದಕ್ಕೆ ಯಾವ ಬಲವೂ ಇಲ್ಲ ಎಂದಿತು, ಲೇಖಕರು ಮತ್ತೆ ಬರೆಯಲಿ ಎಂದಿತು. ನಿಮಗೆ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಾರದು. ಆದರೂ ಪತ್ರ, ಸೀಲು ಬಿದ್ದ ಪ್ರತಿ, ಸಭೆಯ ನಡಾವಳಿ ಎಲ್ಲ ಒಂದು ಫೈಲಿನಲ್ಲಿರಲಿ, ಅದರ ಇನ್ನೊಂದು ಪ್ರತಿ ನಿಮ್ಮ ಮನೆಯಲ್ಲಿರಲಿ.